‘ಗೆಟ್’ ಕ್ರಿಯಾಪದ: ಅರ್ಥ ವಿಂಗಡಿಸಿ, ಮೂಲ ಹುಡುಕುವುದು ಹೇಗೆ?

ಇಂಗ್ಲಿಷ್ ನಿಘಂಟಿನಲ್ಲಿ ‘ಗೆಟ್’ ತೆರೆದರೆ ಅರ್ಥಗಳು ಪುಟಗಟ್ಟಲೆ. ಬಾಯಿಪಾಠಕ್ಕೆ ಕೂತವರು ಬೇಗ ಕೈಚೆಲ್ಲುತ್ತಾರೆ. ಅರ್ಥಗಳನ್ನು ಗುಂಪು ಮಾಡಿಕೊಂಡು, ಆಮೇಲೆ ಮೂಲಕ್ಕೆ ಇಳಿದರೆ ಕೆಲಸ ಹಗುರ.

1. ಪಕ್ಕದ ಪದ ನೋಡಿ. ಗೆಟ್ ಆದ ಮೇಲೆ ನಾಮಪದ ಬಂದರೆ ‘ಸಿಗು, ಪಡೆ’: ‘ಐ ಗಾಟ್ ಎ ಲೆಟರ್’. ಗುಣವಾಚಕ ಬಂದರೆ ‘ಆಗು’: ‘ಇಟ್ಸ್ ಗೆಟಿಂಗ್ ಡಾರ್ಕ್’, ಕತ್ತಲಾಗುತ್ತಿದೆ. ‘ಟು ಮೈಸೂರು’ ಎಂಬಂತೆ ಜಾಗ ಬಂದರೆ ‘ತಲುಪು’. ‘ಹಿ ಗಾಟ್ ಕಾಟ್’ ಎಂದರೆ ಸಿಕ್ಕಿಬಿದ್ದ; ಇದು ಕರ್ಮಣಿ. ನಾಮಪದದ ಬೆನ್ನಿಗೇ ಕೃದಂತವೂ ಬಂದರೆ ಅದು ಹೆಚ್ಚಾಗಿ ನಮ್ಮ ‘-ಇಸು’: ‘ಐ ಗಾಟ್ ಮೈ ಹೇರ್ ಕಟ್’, ಕಟಿಂಗ್ ಮಾಡಿಸಿಕೊಂಡೆ. ಕನ್ನಡಿಗರು ಎಡವುವುದು ಇಲ್ಲೇ. ‘ಐ ಕಟ್ ಮೈ ಹೇರ್’ ಎಂದರೆ ಕತ್ತರಿ ಹಿಡಿದವರು ನೀವೇ ಎಂದಾಗುತ್ತದೆ.

2. ಸರಿಯಾದ ನಿಘಂಟು ಆರಿಸಿ. ಕಲಿಯುವವರ ನಿಘಂಟುಗಳು ಬಳಕೆಯಲ್ಲಿ ಹೆಚ್ಚಿರುವ ಅರ್ಥವನ್ನು ಮೊದಲು ಕೊಡುತ್ತವೆ. ಆಕ್ಸ್‌ಫರ್ಡ್‌ನ ದೊಡ್ಡ ಐತಿಹಾಸಿಕ ನಿಘಂಟು ಹಳೆಯದನ್ನು. ಈ ವ್ಯತ್ಯಾಸ ಗಮನಿಸದೆ ‘ಒಂದನೇ ಅರ್ಥವೇ ಮೂಲಾರ್ಥ’ ಎಂದು ಬರೆದುಬಿಡುವವರು ಬಹಳ. ನಡುಗಾಲದ ಇಂಗ್ಲಿಷ್‌ಗೆ ಮಿಷಿಗನ್ ವಿಶ್ವವಿದ್ಯಾಲಯದ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿದೆ.

3. ವ್ಯುತ್ಪತ್ತಿಯ, ಅಂದರೆ ಪದ ಎಲ್ಲಿಂದ ಬಂತು ಎಂದು ಹೇಳುವ ಸಾಲು ಓದಿ. ಗೆಟ್ ಬಂದದ್ದು ಹಳೆಯ ನಾರ್ಸ್ ಭಾಷೆಯ ‘ಗೆಟಾ’ದಿಂದ, ಪಡೆ, ಹುಟ್ಟಿಸು ಅದರ ಅರ್ಥಗಳು. ಒಂಬತ್ತನೇ ಶತಮಾನದಿಂದ ಇಂಗ್ಲೆಂಡಿನ ಉತ್ತರ, ಪೂರ್ವ ಭಾಗಗಳಲ್ಲಿ ನೆಲೆಸಿದ, ಸ್ಕ್ಯಾಂಡಿನೇವಿಯಾದಿಂದ ಬಂದ ವೈಕಿಂಗರ ಮಾತು ಅದು. ಬರಹದಲ್ಲಿ ಕಾಣುವುದು 1200ರ ಸುಮಾರಿಗೆ. ಪದದ ಮೊದಲಿಗೆ ನಕ್ಷತ್ರ ಚಿಹ್ನೆ (*) ಇದ್ದರೆ ಅದು ಬರಹದಲ್ಲಿ ಸಿಕ್ಕ ರೂಪವಲ್ಲ, ವಿದ್ವಾಂಸರು ಕಟ್ಟಿಕೊಂಡ ರೂಪ. ಟಿಪ್ಪಣಿ ಮಾಡುವಾಗ ನಕ್ಷತ್ರ ಬಿಡಬೇಡಿ.

4. ಧ್ವನಿಯಿಂದ ತಾಳೆ ನೋಡಿ. ನಾರ್ಸ್ ಮೂಲ ಎನ್ನುವುದಕ್ಕೆ ಗಟ್ಟಿ ಸಾಕ್ಷಿ ಆ ಗಕಾರವೇ. ಹಳೆಯ ಇಂಗ್ಲಿಷ್‌ನಲ್ಲಿ ಇಕಾರ, ಎಕಾರಗಳಿಗೆ ಮೊದಲು ಬರುವ ಗಕಾರ ಸಾಮಾನ್ಯವಾಗಿ ಯಕಾರವಾಗಿತ್ತು. ಸೋದರ ಭಾಷೆ ಜರ್ಮನ್‌ನಲ್ಲಿ ‘ಗೆಸ್ಟರ್ನ್’ ಇರುವಲ್ಲಿ ಇಂಗ್ಲಿಷ್‌ನಲ್ಲಿ ‘ಯೆಸ್ಟರ್‌ಡೇ’ ಇರುವುದು ಹಾಗೆ. ಇಂಗ್ಲಿಷ್‌ಗೂ ಇದೇ ಧಾತು ಇತ್ತು, ಆದರೆ ಉಪಸರ್ಗದ ಜೊತೆಗಷ್ಟೇ. ಇವತ್ತಿನ ‘ಫರ್ಗೆಟ್’ ಆಗ ‘ಫೊರ್‌ಯೆಟನ್’. ‘ಫೊರ್’ ಎಂದರೆ ಇಲ್ಲಿ ಕಳೆದುಹೋಗುವುದು. ಕೈಗೆ ಸಿಕ್ಕದ್ದು ಜಾರಿದರೆ ಮರೆವು. ನಾರ್ಸ್ ಪ್ರಭಾವ ಇಲ್ಲದಿದ್ದರೆ ಇಂದು ‘ಯೆಟ್’ ಎನ್ನುತ್ತಿದ್ದರೋ ಏನೋ.

5. ನಂಟರನ್ನು ಹುಡುಕಿ. ಸಂಸ್ಕೃತ, ಲ್ಯಾಟಿನ್, ಇಂಗ್ಲಿಷ್‌ಗಳೆಲ್ಲದರ ಪೂರ್ವಜ ಭಾಷೆಯಾದ ಮೂಲ ಇಂಡೋ-ಯುರೋಪಿಯನ್‌ನ ಧಾತು ‘*ಘೆಂದ್’, ಹಿಡಿ ಎಂದರ್ಥ. ಇದರ ದಕಾರ ಇಂಗ್ಲಿಷ್‌ನಲ್ಲಿ ಟಕಾರ: ನಮಗೆ ಪರಿಚಿತ ಸಂಸ್ಕೃತದ ‘ದ್ವಿ’ಗೆ ‘ಟು’, ‘ದಶ’ಕ್ಕೆ ‘ಟೆನ್’ ಇದ್ದಂತೆ. ಘಕಾರ ಲ್ಯಾಟಿನ್‌ನಲ್ಲಿ ಹಕಾರವಾಗಿ ‘ಪ್ರೆಹೆಂದೆರೆ’ (ಹಿಡಿ) ಆಯಿತು. ನಡುವಿನ ಅನುನಾಸಿಕ ಸಂಸ್ಕೃತದ ‘ಯುಜ್’ ‘ಯುಂಜ್’ ಆಗುವಂಥದ್ದೇ. ಹೀಗೆ ‘ಕಾಂಪ್ರಿಹೆಂಡ್’, ‘ಸರ್‌ಪ್ರೈಸ್’, ಜೈಲಿನ ‘ಪ್ರಿಸನ್’ ಎಲ್ಲವೂ ಗೆಟ್‌ನ ದೂರದ ದಾಯಾದಿಗಳು.

ಕಿವಿಗೆ ಹೋಲುವುದೆಲ್ಲ ನಂಟಲ್ಲ. ‘ಗತಿ’ಯಿಂದ ಗೆಟ್ ಬಂತು ಎನ್ನುವವರಿಗೆ ಒಂದು ನಿಯಮ ಸಾಕು: ಸಂಸ್ಕೃತದ ಗಕಾರಕ್ಕೆ ಇಂಗ್ಲಿಷ್‌ನಲ್ಲಿ ಎದುರಾಗುವುದು ಸಾಮಾನ್ಯವಾಗಿ ಕಕಾರ. ‘ಗೋ’ಗೆ ‘ಕೌ’, ಗತಿಯ ಧಾತು ‘ಗಮ್’ಗೆ ‘ಕಮ್’.

6. ಭೂತರೂಪವನ್ನೂ ನೋಡಿ. ‘ಗಾಟನ್’ ಅಮೆರಿಕನ್ನರು ಮಾಡಿದ ಅಪಭ್ರಂಶ ಎಂದು ಮೂಗು ಮುರಿಯುವವರಿದ್ದಾರೆ. ಹಳೆಯದು ಅದೇ, ಬ್ರಿಟನ್ನಿನಲ್ಲಿ ಬಹುಮಟ್ಟಿಗೆ ಬಿದ್ದುಹೋಯಿತು, ‘ಇಲ್-ಗಾಟನ್’ನಲ್ಲಿ (ಅಡ್ಡದಾರಿಯಲ್ಲಿ ಗಳಿಸಿದ) ಉಳಿದಿದೆ. ಅಮೆರಿಕದಲ್ಲಿ ‘ಗಾಟ್’, ‘ಗಾಟನ್’ ಎರಡೂ ಬೇರೆ ಬೇರೆ: ‘ಹ್ಯಾವ್ ಗಾಟ್ ಎ ಕಾರ್’ ಎಂದರೆ ಕಾರಿದೆ, ‘ಹ್ಯಾವ್ ಗಾಟನ್ ಎ ಕಾರ್’ ಎಂದರೆ ಕಾರು ತೆಗೆದುಕೊಂಡಾಗಿದೆ.