ಗಾಳಿ ನೋಡಿ ದಾರಿ ಹಿಡಿಯಿರಿ: ದಾವಣಗೆರೆ–ಚಿತ್ರದುರ್ಗದ ಹಳ್ಳಿ ರಸ್ತೆಗಳಲ್ಲಿ ಗೆಳೆಯರ ಜೊತೆ ನೂರು ಕಿ.ಮೀ. ಸೈಕಲ್

ಈ ಸೀಮೆಯಲ್ಲಿ ದೂರದ ಸವಾರಿಗೆ ದಾರಿ ಆರಿಸುವಾಗ ಎಷ್ಟು ಕಿಲೋಮೀಟರ್ ಅನ್ನುವುದಕ್ಕಿಂತ ಮೊದಲು ಕೇಳಬೇಕಾದ್ದು ಗಾಳಿ ಎತ್ತಲಿಂದ ಎಂದು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದು ಸುಮ್ಮನೆ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ಮತ್ತು ನೈರುತ್ಯದ ಗಾಳಿ, ಆಷಾಢದಲ್ಲಂತೂ ವಿಪರೀತ. ನವೆಂಬರ್‌ನಿಂದ ಫೆಬ್ರವರಿವರೆಗೆ ಬಹುಮಟ್ಟಿಗೆ ಪೂರ್ವ, ಈಶಾನ್ಯದ ಗಾಳಿ. ಎರಡೂ ಕಾಲದಲ್ಲಿ ಬೆಳಗಿನ ಜಾವ ಮಂದ, ಒಂಬತ್ತು ಗಂಟೆ ಕಳೆದ ಮೇಲೆ ಜೋರು. ಆದ್ದರಿಂದ ಗಾಳಿಗೆ ಎದುರಾಗಿ ಹೊರಡಿ, ಬಿಸಿಲೇರಿದ ಮೇಲೆ ಅದನ್ನು ಬೆನ್ನಿಗೆ ಹಾಕಿಕೊಂಡು ವಾಪಸ್ ಬನ್ನಿ. ಇದನ್ನು ತಿರುವುಮುರುವು ಮಾಡಿದ ಗುಂಪು ಮೊದಲ ಐವತ್ತು ಕಿ.ಮೀ. ಹಾರಿಕೊಂಡು ಹೋಗಿ, ಕೊನೆಯ ಇಪ್ಪತ್ತಕ್ಕೆ ಲಗೇಜ್ ಆಟೊ ಹುಡುಕುತ್ತದೆ.

ದಾವಣಗೆರೆಯವರಿಗೆ ಮಳೆಗಾಲದ ದಾರಿ ಹರಿಹರ, ಮಲೇಬೆನ್ನೂರು, ಹೊನ್ನಾಳಿ. ಹೋಗುವಾಗ ಪಶ್ಚಿಮಕ್ಕೆ, ಆಮೇಲೆ ನೈರುತ್ಯಕ್ಕೆ. ಹೋಗಿಬರಲು ನೂರು ದಾಟುತ್ತದೆ. ಭದ್ರಾ ಚಾನಲ್ ನೀರಿನ ಗದ್ದೆ ಸೀಮೆಯಾದ್ದರಿಂದ ನೆರಳು, ನೀರು, ಚಹಾ ಅಂಗಡಿ ಯಾವುದಕ್ಕೂ ಬರವಿಲ್ಲ. ಚಳಿಗಾಲಕ್ಕೆ ಬಿಳಿಚೋಡು ಮೇಲೆ ಜಗಳೂರು: ಪೂರ್ವಕ್ಕೆ ಹೋಗಿ ಬರಲು ಸುಮಾರು ನೂರು. ಇಲ್ಲಿ ಊರಿಂದ ಊರಿಗೆ ಅಂತರ ಹೆಚ್ಚು, ಮರ ಕಡಿಮೆ, ಹೊರಡುವಾಗಲೇ ಎರಡು ಬಾಟಲಿ ತುಂಬಿರಬೇಕು. ಸಂತೇಬೆನ್ನೂರಿನ ಪುಷ್ಕರಣಿ ನೋಡಿಕೊಂಡು ಸೂಳೆಕೆರೆಗೆ ಹೋಗುವ ದಾರಿ ನೇರ ದಕ್ಷಿಣಕ್ಕೆ. ಅಡ್ಡಗಾಳಿಯೇ ಹೆಚ್ಚು, ಗಾಳಿ ಕಡಿಮೆ ಇರುವ ಅಕ್ಟೋಬರ್ ಅಥವಾ ಮಾರ್ಚ್‌ಗೆ ಇಟ್ಟುಕೊಳ್ಳಿ. ಚಿತ್ರದುರ್ಗದವರು ಮಳೆಗಾಲದಲ್ಲಿ ಹೊಳಲ್ಕೆರೆ ಕಡೆ, ಚಳಿಗಾಲದಲ್ಲಿ ಚಳ್ಳಕೆರೆ ಕಡೆ ಹೊರಡಬಹುದು. ಎರಡೂ ಒಂದು ಕಡೆಗೆ ಮೂವತ್ತು ಕಿ.ಮೀ. ಆಸುಪಾಸು ಇರುವುದರಿಂದ ಹೊಸಬರನ್ನು ಕರೆದೊಯ್ಯಲು ಸರಿ. ಭೀಮಸಮುದ್ರದ ಕಡೆ ತಿರುಗುವುದಾದರೆ ಅದಿರು ಲಾರಿಗಳ ಮೇಲೆ ಕಣ್ಣಿರಲಿ.

ದುರ್ಗದಿಂದ ದಾವಣಗೆರೆಗೆ 48ನೇ ಹೆದ್ದಾರಿಯಲ್ಲೇ ಹೋಗುತ್ತೇವೆ ಅನ್ನುವವರಿದ್ದಾರೆ. ಅರವತ್ತು ಕಿ.ಮೀ., ಒಟ್ಟಾರೆ ಇಳಿಜಾರು, ಟಾರು ನುಣುಪು, ನಿಜ. ಆದರೆ ಅಡ್ಡಗಾಳಿಯ ದಿನ ಪಕ್ಕದಲ್ಲಿ ಲಾರಿ ಹಾದಾಗ ಗಾಳಿ ಗಕ್ಕನೆ ನಿಂತು, ಲಾರಿ ದಾಟಿದ ಕೂಡಲೇ ಮತ್ತೆ ತಳ್ಳುತ್ತದೆ. ಸೈಕಲ್ ಒಂದು ಮೊಳ ಸರಿಯುತ್ತದೆ. ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಬೈಕ್‌ಗಳು ನುಗ್ಗುತ್ತವೆ. ನಮ್ಮ ಲೆಕ್ಕದಲ್ಲಿ ಅದು ಗುಂಪಿಗೆ ತಕ್ಕ ದಾರಿಯಲ್ಲ.

ರಸ್ತೆಯ ಮೇಲಿನ ಬೆಳೆ

ಗಾಳಿಯ ನಂತರ ನೋಡಬೇಕಾದ್ದು ಸುಗ್ಗಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮೆಕ್ಕೆಜೋಳ ರಸ್ತೆಯ ಅರ್ಧಕ್ಕೆ ಹರಡಿರುತ್ತದೆ. ಕಾಳು ಟೈರಿನ ಕೆಳಗೆ ಗೋಲಿಯಂತೆ ಉರುಳುವುದರಿಂದ ಅದರ ಮೇಲೆ ಬ್ರೇಕ್ ಹಿಡಿಯುವುದಾಗಲಿ ಹ್ಯಾಂಡಲ್ ತಿರುಗಿಸುವುದಾಗಲಿ ಕೂಡದು. ರೈತರ ಕಾಳು ತುಳಿಯುವುದು ಮರ್ಯಾದೆಯೂ ಅಲ್ಲ. ನಿಜವಾದ ಅಪಾಯ ಕಾಳಿನದಲ್ಲ, ರಾಶಿಯ ಅಂಚಿಗೆ ಇಟ್ಟ ಕಲ್ಲುಗಳದು. ರಾಶಿ ಎತ್ತಿದ ಮೇಲೂ ಕಲ್ಲು ಅಲ್ಲೇ ಉಳಿದಿರುತ್ತದೆ, ಬೆಳಗಿನ ಐದೂವರೆಯ ಕತ್ತಲಲ್ಲಿ ಸಣ್ಣ ಲೈಟಿಗೆ ಕಾಣುವುದಿಲ್ಲ. ಈ ತಿಂಗಳುಗಳಲ್ಲಿ ಬೆಳಕು ಹರಿದ ಮೇಲೆ, ಅಂದರೆ ಆರೂವರೆಯ ಹೊತ್ತಿಗೆ ಹೊರಡುವುದು ಜಾಣತನ.

ಹುರುಳಿ, ರಾಗಿ ಒಕ್ಕಣೆಗೆ ರಸ್ತೆಗೆ ಹಾಸಿದ ಸೊಪ್ಪೆ, ಹುಲ್ಲು ಗೇರ್ ಸೈಕಲ್‌ಗೆ ಇನ್ನೂ ಕೆಟ್ಟದ್ದು. ಬಳ್ಳಿ ಹಿಂದಿನ ಗೇರ್ ಚಕ್ರಗಳ ನಡುವೆ ಸುತ್ತಿಕೊಂಡು, ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೇಲರ್ ಅನ್ನು ಚಕ್ರದ ಕಡ್ಡಿಗಳೊಳಗೆ ಎಳೆಯುತ್ತದೆ, ಅದನ್ನು ಹಿಡಿದಿರುವ ಹ್ಯಾಂಗರ್ ಮುರಿಯುತ್ತದೆ. ಇಳಿದು ಸೈಕಲ್ ಎತ್ತಿಕೊಂಡು ದಾಟಿ. ಸಿಕ್ಕಿಹಾಕಿಕೊಂಡರೆ ಪೆಡಲ್ ಒತ್ತದೆ ತಕ್ಷಣ ನಿಂತು ಕೈಯಲ್ಲಿ ಬಿಡಿಸಿ. ಹ್ಯಾಂಗರ್ ಒಂದೊಂದು ಮಾಡೆಲ್ಲಿಗೆ ಒಂದೊಂದು ಆಕಾರ, ಹಳ್ಳಿಯಲ್ಲಿ ಸಿಗುವ ಮಾತೇ ಇಲ್ಲ. ನಿಮ್ಮದರದ್ದು ಒಂದು ಚೀಲದಲ್ಲಿರಲಿ.

ಭತ್ತದ ಕಟಾವಿನ ಹೊತ್ತಿಗೆ ಕಟಾವು ಯಂತ್ರ ಇಡೀ ರಸ್ತೆ ತುಂಬಿ ಬರುತ್ತದೆ, ಪಕ್ಕಕ್ಕಿಳಿದು ಕಾಯಿರಿ. ಕಬ್ಬಿನ ಟ್ರ್ಯಾಕ್ಟರ್‌ಗಳ ಎರಡು ಟ್ರೇಲರಿಗೂ ಹಿಂದೆ ದೀಪ ಇರುವುದು ಅಪರೂಪ. ಅವುಗಳ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವ ಆಟ ಬೇಡ. ಮಳೆಯಾದ ಮರುದಿನ ಚಾನಲ್ ಏರಿಯ ಮಣ್ಣು ದಾರಿ, ಎರೆ ಹೊಲದ ಬಂಡಿ ದಾರಿ ಎರಡನ್ನೂ ಬಿಡಿ. ಎರೆ ಮಣ್ಣು ಟೈರಿಗೂ ಫೋರ್ಕಿಗೂ ನಡುವೆ ತುಂಬಿಕೊಂಡರೆ ಚಕ್ರ ತಿರುಗುವುದೇ ಇಲ್ಲ, ಕಡ್ಡಿಯಿಂದ ಕೆರೆದು ತೆಗೆಯಬೇಕು.

ಮುಳ್ಳು, ಟೈರ್, ಪಂಕ್ಚರ್

ಇಲ್ಲಿನ ಪಂಕ್ಚರ್‌ಗಳಿಗೆ ಮುಖ್ಯ ಕಾರಣ ಎರಡು: ಬಳ್ಳಾರಿ ಜಾಲಿ ಮತ್ತು ನೆಗ್ಗಿಲು. ಜಾಲಿ ಕೊಂಬೆ ಕಣ್ಣಿಗೆ ಬೀಳುತ್ತದೆ, ನೆಗ್ಗಿಲು ಬೀಳುವುದಿಲ್ಲ. ಅದು ಟಾರಿನ ಅಂಚಿನಲ್ಲೇ ನೆಲಕ್ಕೆ ಅಂಟಿಕೊಂಡು ಹಬ್ಬಿ, ಮಳೆ ನಿಂತ ಮೇಲೆ ಒಣಗಿ ಕಾಯಿ ಉದುರಿಸುತ್ತದೆ. ಹೆಚ್ಚಿನ ಪಂಕ್ಚರ್ ಆಗುವುದು ಓಡುವಾಗಲ್ಲ, ವಿಶ್ರಾಂತಿಗೆಂದು ಸೈಕಲ್ಲನ್ನು ರಸ್ತೆ ಬಿಟ್ಟು ತಳ್ಳಿಕೊಂಡು ಹೋದಾಗ. ಎತ್ತಿಕೊಂಡು ಹೋಗಿ, ಮತ್ತೆ ಹತ್ತುವ ಮೊದಲು ಎರಡೂ ಟೈರ್ ತಿರುಗಿಸಿ ನೋಡಿ.

ಈ ರಸ್ತೆಗಳಿಗೆ 32ರಿಂದ 40 ಮಿ.ಮೀ. ಅಗಲದ ಟೈರ್ ಸರಿ. ಎಪ್ಪತ್ತು ಕೆ.ಜಿ. ತೂಕದವರಿಗೆ 32ಕ್ಕೆ 60–65 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), 40ಕ್ಕೆ 40–45 ಸಾಕು. ಹಿಂದಿನ ಚಕ್ರಕ್ಕೆ ಐದು ಹೆಚ್ಚಿರಲಿ. ಕಡಿಮೆ ಗಾಳಿಯಲ್ಲಿ ಬಣ್ಣ ಬಳಿಯದ ಹಂಪ್ ಮೇಲೆ ಹಾರಿದರೆ ಟ್ಯೂಬ್ ರಿಮ್ಮಿಗೆ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಹಾಗಾದರೆ ಮುಳ್ಳು ಹುಡುಕಿ ಪ್ರಯೋಜನವಿಲ್ಲ, ತಪ್ಪು ಗಾಳಿಯದ್ದು. ಹಳೆ ಟ್ಯೂಬ್ ಸೀಳಿ ಟೈರಿನೊಳಗೆ ಹಾಸುವ ಊರಿನ ಉಪಾಯ ನೆಗ್ಗಿಲಿಗೆ ನಡೆಯುತ್ತದೆ. ಸೈಕಲ್ ಸ್ವಲ್ಪ ಭಾರ ಎಳೆಯುತ್ತದೆ, ಅಷ್ಟೇ. ಸೀಳಿದ ಅಂಚು ಚೂಪಾಗಿದ್ದರೆ ಮಾತ್ರ ಅದೇ ಒಳಗಿನ ಟ್ಯೂಬನ್ನು ಉಜ್ಜಿ ತೂತು ಮಾಡುತ್ತದೆ.

ದಾರಿಯಲ್ಲಿ ಟ್ಯೂಬ್ ಬದಲಿಸಿ, ತೇಪೆ ಆಮೇಲೆ ಹಾಕಿ. ಹೊಸ ಟ್ಯೂಬ್ ತೂರಿಸುವ ಮೊದಲು ಟೈರಿನ ಒಳಮೈ ಮೇಲೆ ಬಟ್ಟೆ ಆಡಿಸಿ. ಮುಳ್ಳಿನ ತುದಿ ಇದ್ದರೆ ಬಟ್ಟೆ ಕಚ್ಚುತ್ತದೆ. ಈ ಒಂದು ನಿಮಿಷ ಉಳಿಸಲು ಹೋದವರು ಎರಡು ಕಿ.ಮೀ. ಮುಂದೆ ಮತ್ತೆ ನಿಲ್ಲುತ್ತಾರೆ. ತೇಪೆಗೆ ಮೊದಲು ಟ್ಯೂಬನ್ನು ಉಪ್ಪುಕಾಗದದಿಂದ (ಸ್ಯಾಂಡ್‌ಪೇಪರ್) ಉಜ್ಜಿ, ಸಲ್ಯೂಷನ್ ತೆಳ್ಳಗೆ ಹಚ್ಚಿ, ಮಿನುಗು ಹೋಗುವವರೆಗೆ ಐದು ನಿಮಿಷ ಒಣಗಲು ಬಿಡಿ. ಹಸಿಯಿದ್ದಾಗ ಅಂಟಿಸಿದ ತೇಪೆ ಬಿಸಿಲಲ್ಲಿ ಬಿಟ್ಟುಕೊಳ್ಳುತ್ತದೆ.

ಹಳ್ಳಿ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೈಕಿನ ವಾಲ್ವಿಗೆ ಮಾತ್ರ ಹೊಂದುತ್ತದೆ. ನಿಮ್ಮದು ತೆಳ್ಳನೆಯ ಪ್ರೆಸ್ಟಾ ವಾಲ್ವ್ ಆಗಿದ್ದರೆ ಹಿತ್ತಾಳೆಯ ಸಣ್ಣ ಅಡಾಪ್ಟರ್ ಪರ್ಸಿನಲ್ಲಿರಲಿ. ಇದಲ್ಲದೆ ಪ್ರತಿಯೊಬ್ಬರ ಬಳಿ ತಮ್ಮ ಅಳತೆಯ ಟ್ಯೂಬ್ ಎರಡು, ಟೈರ್ ಬಿಚ್ಚುವ ಲಿವರ್ ಎರಡು. ಗುಂಪಿಗೆ ಪಂಪ್ ಎರಡು, 4, 5, 6 ಮಿ.ಮೀ. ಅಲೆನ್ ಕೀ, ಚೈನ್ ಕೊಂಡಿ ಬಿಚ್ಚುವ ಚೈನ್ ಬ್ರೇಕರ್, ತುಂಡಾದ ಚೈನನ್ನು ಜೋಡಿಸಲು ಅದರ ಸ್ಪೀಡಿಗೆ (ಹಿಂದಿನ ಗೇರುಗಳ ಸಂಖ್ಯೆಗೆ) ಹೊಂದುವ ಕ್ವಿಕ್ ಲಿಂಕ್.

ಗುಂಪಿನಲ್ಲಿ ಓಡುವುದು

ನಾಲ್ಕರಿಂದ ಎಂಟು ಜನ ಸರಿಯಾದ ಗುಂಪು, ಅದಕ್ಕಿಂತ ಹೆಚ್ಚಾದರೆ ಎರಡು ಮಾಡಿ. ಎದುರುಗಾಳಿಯಲ್ಲಿ ಒಬ್ಬರ ಹಿಂದೆ ಒಬ್ಬರು ಹೋದರೆ ಹಿಂದಿನವರಿಗೆ ಕಾಲು ಭಾಗದಷ್ಟು ಶ್ರಮ ಉಳಿಯುತ್ತದೆ. ಮುಂದಿನವರು ಐದು ನಿಮಿಷಕ್ಕೊಮ್ಮೆ ಬಲಗಡೆ ನೋಡಿ, ವಾಹನ ಇಲ್ಲದಿದ್ದರೆ ಸರಿದು ಹಿಂದಕ್ಕೆ ಬರಲಿ. ಎಲ್ಲರಿಗಿಂತ ಸೋತವರನ್ನು ಕೊನೆಗೆ ತಳ್ಳಬೇಡಿ, ಎರಡನೆಯ ಜಾಗದಲ್ಲಿ ಇಟ್ಟುಕೊಳ್ಳಿ, ವೇಗ ಅವರದ್ದೇ. ಕೊನೆಗೆ ರಿಪೇರಿ ಬಲ್ಲವರೊಬ್ಬರು. ಹೊಸಬರು ಒಂದು ಸೈಕಲ್ ಉದ್ದ ಅಂತರ ಬಿಡಲಿ. ಗುಂಪಿನಲ್ಲಿ ಬೀಳುವವರು ಸಾಮಾನ್ಯವಾಗಿ ತಮ್ಮ ಮುಂದಿನ ಚಕ್ರವನ್ನು ಎದುರಿನವರ ಹಿಂದಿನ ಚಕ್ರದ ಪಕ್ಕಕ್ಕೆ ತೂರಿಸಿದವರು: ಮುಂದಿನವರು ಗುಂಡಿ ತಪ್ಪಿಸಲು ಒಂದು ಗೇಣು ಸರಿದರೆ ಸಾಕು, ಹಿಂದಿನವರು ನೆಲದ ಮೇಲೆ.

ಸನ್ನೆಗಿಂತ ಬಾಯಿ ಮೇಲು: "ಗುಂಡಿ", "ಹಂಪ್", "ಹಿಂದೆ ಗಾಡಿ", "ಕಾಳು". ಕ್ರಾಸ್‌ಗಳಲ್ಲಿ ತಿರುಗುವ ಮೊದಲು ಕೊನೆಯವರು ಕಾಣುವ ತನಕ ಒಬ್ಬರು ನಿಲ್ಲಲೇಬೇಕು, ಫೋನ್ ಸಿಗ್ನಲ್ ನಂಬಿಕೊಂಡು ಮುಂದೆ ಹೋಗುವುದಲ್ಲ. ಕುರಿ ಹಿಂಡು ಎದುರಾದರೆ ಕುರಿಗಾಹಿಯನ್ನು ಕೇಳಿ, ಅವರು ತೋರಿಸಿದ ಬದಿಯಲ್ಲಿ ನಡೆದು ದಾಟಿ. ಬೆಲ್ ಹೊಡೆದರೆ ಹಿಂಡು ಚಕ್ರಕ್ಕೇ ನುಗ್ಗುತ್ತದೆ. ನಾಯಿ ಅಟ್ಟಿಸಿಕೊಂಡು ಬಂದರೆ ಇಳಿದು ಸೈಕಲ್ಲನ್ನು ನಡುವೆ ಹಿಡಿಯಿರಿ, ಓಟ ನಿಂತರೆ ಹೆಚ್ಚಿನವು ಸುಮ್ಮನಾಗುತ್ತವೆ. ಯಾರಾದರೂ ಬಿದ್ದು ತಲೆಗೆ ಪೆಟ್ಟಾದರೆ 108.

ಹೊಟ್ಟೆ, ನೀರು, ಹೊತ್ತು

ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು, ಬಾಯಾರಿಕೆಗೆ ಕಾಯದೆ ಗುಟುಕು ಗುಟುಕಾಗಿ. ಎರಡು ಗಂಟೆ ದಾಟಿದರೆ ಬರೀ ನೀರು ಸಾಲದು: ಲೀಟರಿಗೆ ಒಂದು ಓಆರ್‌ಎಸ್ ಪೊಟ್ಟಣ, ಅಥವಾ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಗಂಟೆಗೊಂದು ಬಾಳೆಹಣ್ಣು ಇಲ್ಲವೇ ಶೇಂಗಾ ಚಿಕ್ಕಿ. ನಡುವೆ ಖಾರಾ ಮಂಡಕ್ಕಿ ಉಪ್ಪಿಗೂ ಆಯಿತು, ಬಾಯಿಗೂ ಆಯಿತು. ಮಿರ್ಚಿ ಮಾತ್ರ ಎದೆಯುರಿ. ಬೆಣ್ಣೆ ದೋಸೆ ತಿಂದು ಹೊರಡುವ ದಾವಣಗೆರೆಯ ಚಪಲವನ್ನು ಒಂದು ಬೆಳಗಿನ ಮಟ್ಟಿಗೆ ತಡೆಯಿರಿ. ಅಷ್ಟು ಬೆಣ್ಣೆ ಅರಗಲು ಗಂಟೆಗಳು ಬೇಕು, ಅಲ್ಲಿಯವರೆಗೆ ಕಾಲು ಏಳುವುದಿಲ್ಲ. ವಾಪಸ್ ಬಂದ ಮೇಲೆ ಎರಡು ತಿಂದರೂ ಕೇಳುವವರಿಲ್ಲ.

ಗಂಟೆಗೆ 18–20 ಕಿ.ಮೀ. ಅಂದರೆ ನೂರಕ್ಕೆ ಐದೂವರೆ ಗಂಟೆ ಓಟ, ಒಂದೂವರೆ ಗಂಟೆ ನಿಲುಗಡೆ. ಏಪ್ರಿಲ್, ಮೇ ತಿಂಗಳಲ್ಲಿ ಹತ್ತೂವರೆಗೆ ಮನೆ ಸೇರಬೇಕು, ಆದ್ದರಿಂದ ಅರವತ್ತಕ್ಕೆ ನಿಲ್ಲಿಸಿ. ಹೊಸಬರು ವಾರಕ್ಕೊಂದರಂತೆ 30, 50, 70 ಮುಗಿಸಿದ ಮೇಲೆ ನೂರಕ್ಕೆ ಬರಲಿ. ಮೊಣಕಾಲು ನೋಯುತ್ತಿದ್ದರೆ ಸೀಟು ತಗ್ಗಿದೆಯೇ ನೋಡಿ: ಪೆಡಲ್ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು.

ಮನೆಗೆ ಬಂದ ಸಂಜೆಯೇ ಚೈನನ್ನು ಒಣ ಬಟ್ಟೆಯಿಂದ ಒರೆಸಿ ಕೊಂಡಿ ಕೊಂಡಿಗೆ ಒಂದೊಂದು ಹನಿ ಎಣ್ಣೆ ಬಿಡಿ, ಹೆಚ್ಚಾದದ್ದನ್ನು ಮತ್ತೆ ಒರೆಸಿ. ಟೈರಿನಲ್ಲಿ ಕೂತ ನೆಗ್ಗಿಲನ್ನೂ ಆಗಲೇ ಕೀಳಿ. ಕಿತ್ತ ಮೇಲೆ ಗಾಳಿ ಹೋದರೆ ಮನೆಯಲ್ಲೇ ಹೋಯಿತು. ಹಾಗೇ ಬಿಟ್ಟರೆ ಮುಂದಿನ ಭಾನುವಾರ ಬಿಳಿಚೋಡಿನಾಚೆ ಹೋಗುತ್ತದೆ.