ಅಡಿ, ಮೀಟರ್, ಕೆಜಿ, ಪಿಎಸ್‌ಐ: ಡ್ರಿಪ್ ಹಾಕುವಾಗ ಒತ್ತಡದ ಲೆಕ್ಕ ನಾನು ಮಾಡೋ ರೀತಿ

ತೋಟಗಳಿಗೆ ಡ್ರಿಪ್ ಹಾಕಿಕೊಡೋದು ನನ್ನ ಕೆಲಸ. ಬೋರಿನ ಲೆಕ್ಕ ಅಡಿಯಲ್ಲಿ, ಮೋಟರ್ ಪ್ಲೇಟಿನ ಹೆಡ್ (ನೀರನ್ನು ಎಷ್ಟು ಎತ್ತರಕ್ಕೆ ತಳ್ಳುತ್ತದೆ ಅನ್ನೋದು) ಮೀಟರಿನಲ್ಲಿ, ಪಿವಿಸಿ ಪೈಪು ತಡೆಯುವ ಒತ್ತಡ ಕೆಜಿಯಲ್ಲಿ, ಒತ್ತಡ ತೋರಿಸೋ ಗೇಜು ಎಷ್ಟೋ ಸಲ ಪಿಎಸ್‌ಐಯಲ್ಲಿ (ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡ್ ಭಾರ ಅಂತ). ನಾನು ಎಲ್ಲವನ್ನೂ ಮೊದಲು ಮೀಟರಿಗೆ ತರುತ್ತೇನೆ, ಅಂದರೆ ಎಷ್ಟು ಮೀಟರ್ ಎತ್ತರದ ನೀರಿನ ಭಾರ ಅಂತ. ಆಮೇಲೆ ಸುಮ್ನೆ ಕೂಡಿಸಿದರೆ ಆಯ್ತು.

ಪೈಪಿನವರು 1 ಕೆಜಿ ಅಂದರೆ ಒಂದು ಚದರ ಸೆಂಟಿಮೀಟರ್ ಮೇಲೆ 1 ಕೆಜಿ ಭಾರ. ಅದು 10 ಮೀಟರ್ ನೀರು, ಹೆಚ್ಚುಕಡಿಮೆ 33 ಅಡಿ, 14.2 ಪಿಎಸ್‌ಐ. 1 ಬಾರ್ ಅಂದರೆ 10.2 ಮೀಟರ್, 14.5 ಪಿಎಸ್‌ಐ, ತೋಟದ ಮಟ್ಟಿಗೆ ಕೆಜಿ, ಬಾರ್ ಒಂದೇ ಅಂದುಕೊಂಡರೂ ನಡೆಯುತ್ತದೆ. ಪಿಎಸ್‌ಐ ಇದ್ದರೆ 0.7ರಿಂದ ಗುಣಿಸಿ, ಮೀಟರ್ ಬರುತ್ತದೆ. ಎರಡು ಸಾಲು ಅಂಕಿ ಇರೋ ಗೇಜು ಸಿಕ್ಕರೆ ನೋಡಿ, ಮುಳ್ಳು 2 ಕೆಜಿ ಮೇಲೆ ನಿಂತಾಗ ಇನ್ನೊಂದು ಸಾಲಿನಲ್ಲಿ 28 ದಾಟಿರುತ್ತದೆ.

ಚಿಕ್ಕನಾಯಕನಹಳ್ಳಿ ಕಡೆಯ ಒಂದು ಅಡಿಕೆ ತೋಟದ ಲೆಕ್ಕ ಹೇಳ್ತೀನಿ. ಮೋಟರ್ ಓಡುವಾಗ ನೀರು 300 ಅಡಿಯಲ್ಲಿ ನಿಲ್ಲುತ್ತಿತ್ತು, ಅಂದರೆ 91 ಮೀಟರ್. (ಮೋಟರ್ ಎಷ್ಟು ಆಳಕ್ಕೆ ಇಳಿದಿದೆ ಅನ್ನೋದು ಇಲ್ಲಿ ಬೇಡ, ನೀರಿನ ಮಟ್ಟ ಮುಖ್ಯ.) ತೋಟದ ಏರು 12, ಡ್ರಿಪ್ಪರ್‌ಗೆ 1 ಕೆಜಿ ಅಂದರೆ 10, ಫಿಲ್ಟರಿಗೆ 5, ಪೈಪಿನ ಉಜ್ಜಾಟಕ್ಕೆ 4. ಒಟ್ಟು 122 ಮೀಟರ್. ಬೇಕಾದಷ್ಟು ನೀರನ್ನು ಈ ಹೆಡ್‌ನಲ್ಲಿ ಎತ್ತುವ ಮೋಟರನ್ನೇ ಆರಿಸಿದೆವು.

ಪೈಪಿನ ಮಾತು ಬಂದಾಗ ತೋಟದವರು, "ಬೋರಿನ ಬಾಯಲ್ಲಿ ಮೂರೇ ಕೆಜಿ ಅಲ್ವಾ, 4 ಕೆಜಿ ಪೈಪು ಸಾಕಲ್ವಾ ಅಣ್ಣ?" ಅಂದರು. 122ರಲ್ಲಿ 91 ಕಳೆದರೆ 31 ಮೀಟರ್, ಮೂರು ಕೆಜಿ ಸರಿಯೇ. ಆದರೆ ಅದು ನೀರು ಹರಿಯುವಾಗಿನ ಮಾತು. ಯಾರೋ ಗೇಟ್ ವಾಲ್ವ್ ಎಲ್ಲಾ ಮುಚ್ಚಿ ಮೋಟರ್ ಹಾಕಿದರೆ? ಆ ಮೋಟರಿನ ಚಾರ್ಟಿನಲ್ಲಿ ನೀರು ಹರಿಯದಾಗಿನ ಹೆಡ್ 170 ಮೀಟರ್ ಇತ್ತು. 91 ಕಳೆದರೆ 79, ಅಂದರೆ ಸುಮಾರು 8 ಕೆಜಿ. ನೀರು ಎತ್ತದೆ ಇದ್ದಾಗ ಬೋರಿನ ಮಟ್ಟ ಮೇಲೆ ಬರುವುದರಿಂದ ಇನ್ನೂ ಜಾಸ್ತಿನೇ ಆಗಬಹುದು. 4 ಕೆಜಿ ಇರಲಿ, 6 ಕೆಜಿ ಪೈಪನ್ನೂ ನಾನು ಅಲ್ಲಿ ನಂಬಲ್ಲ. ಬೋರಿನಿಂದ ಫಿಲ್ಟರ್‌ವರೆಗೆ 10 ಕೆಜಿ ಪೈಪು ಹಾಕಿಸಿ, ಫಿಲ್ಟರಿಗೂ ಮೊದಲೇ ಒಂದು ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರಿದರೆ ತಾನೇ ತೆರೆದು ನೀರು ಹೊರಗೆ ಬಿಡೋದು) ಕೂರಿಸಿದೆ.