ಆಟೋಸ್ಟೇನರ್ ಇಲ್ಲದೆ ಎಂಎಂಆರ್: ನನ್ನ ಅನುಭವ

ಡಿಎನ್ಎ ನಕಲಿನ ತಪ್ಪು ತಿದ್ದುವ ಎಂಎಂಆರ್ (ಮಿಸ್‌ಮ್ಯಾಚ್ ರಿಪೇರ್) ಪ್ರೋಟೀನ್‌ಗಳು ಟ್ಯೂಮರ್‌ನಲ್ಲಿ ಉಳಿದಿವೆಯೋ ಇಲ್ಲವೋ ಎಂದು ಬಣ್ಣ ಹಚ್ಚಿ ನೋಡುವುದೇ ಎಂಎಂಆರ್ ಸ್ಟೇನಿಂಗ್. ಅದು ಕೈಯಲ್ಲಿ ಮಾಡೋ ಕೆಲಸ ಅಲ್ಲ, ಸ್ಲೈಡಿಗೆ ತಾನೇ ಬಣ್ಣ ಹಚ್ಚುವ ಮೆಷಿನ್ (ಆಟೋಸ್ಟೇನರ್) ಬೇಕೇ ಬೇಕು ಎಂದು ಎಲ್ಲರೂ ಹೇಳಿದ್ದರು. ಆ ದುಡ್ಡಿಗೆ ದಾವಣಗೆರೆಯಲ್ಲಿ ಒಂದು ಸೈಟೇ ಬರುತ್ತದೆ. ನಾವು ನಮ್ಮ ಲ್ಯಾಬಿನಲ್ಲಿ ಸ್ಲೈಡ್ ಬೇಯಿಸಲು ಪ್ರೆಶರ್ ಕುಕ್ಕರ್ ಇಟ್ಟುಕೊಂಡೇ ಮಾಡಿದೆವು. ಈಗ ನಮ್ಮ ಸ್ಲೈಡಿಗೂ ಬೆಂಗಳೂರಿನ ರಿಪೋರ್ಟಿಗೂ ತಾಳೆಯಾಗುತ್ತಿದೆ.

ಎಂಡೋಮೆಟ್ರಿಯಲ್ (ಗರ್ಭಕೋಶದ ಒಳಪದರದ) ಕ್ಯಾನ್ಸರ್ ಹರಡಿದ್ದರೆ ಆಂಕಾಲಜಿಸ್ಟ್ ಮೊದಲು ಕೇಳುವುದು ಇದನ್ನೇ. 2023ರ ರೂಬಿ ಟ್ರಯಲ್ ನೆನಪಿದೆಯಲ್ವಾ? ಎಂಎಂಆರ್ ಕೆಟ್ಟವರಲ್ಲಿ ಕೀಮೋ ಜೊತೆ ಇಮ್ಯುನೋಥೆರಪಿ ಔಷಧ ಡೋಸ್ಟಾರ್ಲಿಮ್ಯಾಬ್ ಕೊಟ್ಟಾಗ ಎರಡು ವರ್ಷಕ್ಕೆ ರೋಗ ಮುಂದುವರಿಯದೆ ಉಳಿದವರು 100ಕ್ಕೆ ಸುಮಾರು 61, ಬರೀ ಕೀಮೋದಲ್ಲಿ 16ರ ಹತ್ತಿರ.

ನಮ್ಮನ್ನು ಸತಾಯಿಸಿದ್ದು ಫಾರ್ಮಲಿನ್, ಅಂದರೆ ಟಿಶ್ಯೂ ಕೆಡದಂತೆ ಫಿಕ್ಸ್ ಮಾಡುವ ದ್ರವ. ಶನಿವಾರ ತೆಗೆದ ಗರ್ಭಕೋಶ, ಸೀಳದೆ, ಪುಟ್ಟ ಡಬ್ಬಿಯಲ್ಲಿ ತುರುಕಿಕೊಂಡು ಸೋಮವಾರ ಬರುತ್ತಿತ್ತು. ಒಳಪದರ ಅಷ್ಟೊತ್ತಿಗೆ ಕೊಳೆತಿರುತ್ತಿತ್ತು. ಪ್ರೋಟೀನ್ ಇದ್ದರೆ ಕಾಣಬೇಕಾದ ಕಂದು ಬಣ್ಣ ಟ್ಯೂಮರ್ ನ್ಯೂಕ್ಲಿಯಸ್‌ನಲ್ಲಿ ಇಲ್ಲ, ಬಣ್ಣ ಬರಲೇಬೇಕಾದ ಪಕ್ಕದ ಸಹಜ ಟಿಶ್ಯೂ ಸ್ಟ್ರೋಮಾದಲ್ಲೂ ಇಲ್ಲ, ಅಂದರೆ ಸ್ಟೇನೇ ಕೈಕೊಟ್ಟಿದೆ. ಇದನ್ನು ‘ಲಾಸ್’ (ಪ್ರೋಟೀನ್ ಹೋಗಿದೆ) ಎಂದು ಬರೆದುಬಿಟ್ಟರೆ ಯಾರದೋ ಮನೆಯವರು ಆ ಔಷಧಕ್ಕೆ ಸುಮ್ನೆ ಲಕ್ಷಗಟ್ಟಲೆ ಸುರಿಯುತ್ತಾರೆ. ಈಗ ಮೊದಲು ಆಪರೇಷನ್‌ಗೆ ಮುಂಚಿನ ಬಯಾಪ್ಸಿಯ ಬ್ಲಾಕ್ (ಮೇಣದಲ್ಲಿ ಕೂರಿಸಿದ ತುಣುಕು) ಕೇಳುತ್ತೇವೆ. ಚಿಕ್ಕ ತುಣುಕು, ಚೆನ್ನಾಗಿ ಫಿಕ್ಸ್ ಆಗಿರುತ್ತದೆ. ಗರ್ಭಕೋಶವನ್ನು ಥಿಯೇಟರಿನಲ್ಲೇ ಸೀಳಿ ಫಾರ್ಮಲಿನ್‌ಗೆ ಹಾಕಿ ಎಂದಾಗ ಸರ್ಜನ್ ಒಬ್ಬರು ಗೊಣಗಿದರು. ಸೀಳಿದ್ದರದು, ಸೀಳದ್ದರದು ಎರಡೂ ಸ್ಲೈಡ್ ಮೈಕ್ರೋಸ್ಕೋಪ್ ಕೆಳಗೆ ತೋರಿಸಿದೆ, ಆಮೇಲೆ ಮಾತಿಲ್ಲ.

ಬಣ್ಣ ಹಿಡಿಯಲು ಮೊದಲು ಸ್ಲೈಡನ್ನು ದ್ರಾವಣದಲ್ಲಿ ಬೇಯಿಸಬೇಕು. ಸಿಟ್ರೇಟ್ ದ್ರಾವಣದಲ್ಲಿ, ನಾಲ್ಕು ಎಂಎಂಆರ್ ಪ್ರೋಟೀನ್‌ಗಳಲ್ಲಿ ಒಂದಾದ ಪಿಎಂಎಸ್2 ಪೇಲವವಾಗಿ ಬರುತ್ತಿತ್ತು. ಪಿಎಚ್ 9ರ ಟ್ರಿಸ್-ಇಡಿಟಿಎಗೆ ಹೋದೆವು. ಬಣ್ಣ ಬಂತು, ಟಿಶ್ಯೂನೇ ಎದ್ದು ತೇಲಿತು! ಟಿಶ್ಯೂ ಅಂಟಿ ನಿಲ್ಲುವ ಚಾರ್ಜ್ಡ್ ಸ್ಲೈಡ್ ತಂದು, ರಾತ್ರಿಯಿಡೀ 60 ಡಿಗ್ರಿಯಲ್ಲಿ ಇಟ್ಟ ಮೇಲೆ ನಿಂತಿತು. ಕುಕ್ಕರ್ ಎಷ್ಟು ನಿಮಿಷ, ಹೇಗೆ ತಣಿಸುತ್ತೇವೆ ಎಂಬುದನ್ನು ಮಾತ್ರ ಹೇಳಲ್ಲ. ಮೈಕ್ರೋವೇವೂ ನೋಡಿದೆ, ಸ್ಲೈಡಿನ ಅಂಚು ಒಣಗಿ ಹಾಳು. ಸ್ಟೇನ್ ಸರಿ ಬಂದಿದೆಯೇ ಎಂದು ನೋಡುವ ಕಂಟ್ರೋಲಿಗೆ ಟಾನ್ಸಿಲ್‌ಗಿಂತ ಅಪೆಂಡಿಕ್ಸ್ ನನಗೆ ಇಷ್ಟ. ನಮ್ಮಲ್ಲಿ ಅದಕ್ಕೇನು ಬರ ಇಲ್ಲ.

ದುಡ್ಡಿನ ವಿಷಯ. ಆ ನಾಲ್ಕು ಪ್ರೋಟೀನ್ ಗುರುತಿಸುವ ನಾಲ್ಕು ಆಂಟಿಬಾಡಿ ಸೇರಿ ಲಕ್ಷದ ಆಸುಪಾಸು ಆಯಿತು. ಪಿಎಂಎಸ್2, ಎಂಎಸ್ಎಚ್6 ಮೊದಲು ಹಾಕುತ್ತೇವೆ, ಜೋಡಿ ಪ್ರೋಟೀನ್ (ಎಂಎಲ್ಎಚ್1, ಎಂಎಸ್ಎಚ್2) ಹೋದರೆ ಸಾಮಾನ್ಯವಾಗಿ ಇವೂ ಹೋಗುತ್ತವೆ. ಎರಡೂ ಸರಿ ಇದ್ದರೆ ಅಲ್ಲಿಗೇ ನಿಲ್ಲಿಸುತ್ತೇವೆ. ಲಾಸ್ ಅಥವಾ ಅನುಮಾನ ಬಂದರೆ ಮಾತ್ರ ಎಂಎಲ್ಎಚ್1, ಎಂಎಸ್ಎಚ್2. ಖರ್ಚು ಹೆಚ್ಚುಕಡಿಮೆ ಅರ್ಧ. ಎಕ್ಸ್‌ಪೈರಿ ದೊಡ್ಡ ತಲೆನೋವು, ಅದಕ್ಕೆ ಕೊಲೊನ್ ಕೇಸುಗಳನ್ನೂ ಸೇರಿಸಿ ವಾರಕ್ಕೊಂದು ಬ್ಯಾಚ್ ಮಾಡುತ್ತೇವೆ.

ಟ್ಯೂಮರ್‌ನಲ್ಲಿ ಎಂಎಲ್ಎಚ್1 ಹೋದವರ ಮೆಥಿಲೇಷನ್ ಟೆಸ್ಟ್ (ಆ ಜೀನ್ ರಾಸಾಯನಿಕವಾಗಿ ಮುಚ್ಚಿಹೋಗಿದೆಯೇ ಎಂದು ನೋಡುವುದು) ಇನ್ನೂ ಬೆಂಗಳೂರಿಗೇ ಹೋಗುತ್ತಿದೆ. ವಂಶದಲ್ಲಿ ಬರುವ ಲಿಂಚ್ ಸಿಂಡ್ರೋಮ್ ಹೌದೋ ಅಲ್ಲವೋ ಎಂದು ಮನೆಯವರು ಅಲ್ಲಿಯವರೆಗೆ ಕಾಯಬೇಕು. ಕೋವಿಡ್ ಕಾಲದ ಪಿಸಿಆರ್ ಮೆಷಿನ್ ಒಂದು ಮೂಲೆಯಲ್ಲಿ ಸುಮ್ಮನೆ ಕೂತಿದೆ, ಈ ಟೆಸ್ಟಿಗಾಗಿ ಅದರ ಮೇಲೆ ಕಣ್ಣಿಟ್ಟಿದ್ದೇನೆ.